ಬೋರು ಬಂತು, ಬಾವಿ ಹಾಗೇ ಉಳಿಯಿತು



ಒಂದು ಕವಿತೆಯನ್ನು ಹೇಗೆ ಓದಬೇಕು ಎಂದು ಕಾಲೇಜಿನಲ್ಲಿ ನಮ್ಮ ಮೇಷ್ಟ್ರುಗಳು ಹೇಳಿಕೊಟ್ಟರು. ಪ್ರತಿಮೆ ಯಾವುದು, ಧ್ವನಿ ಯಾವುದು, ಕವಿ ಹೇಳದೆ ಬಿಟ್ಟದ್ದು ಯಾವುದು ಎಂದು ಹುಡುಕಲು ಕಲಿಸಿದರು. ಆದರೆ ನಮ್ಮ ಕೇರಿಯ ತುದಿಯಲ್ಲಿ ನೆಟ್ಟಿರುವ ಬೋರನ್ನು ಹೇಗೆ ಓದಬೇಕು, ಚರಂಡಿಯನ್ನು ಹೇಗೆ ಓದಬೇಕು, ಸಮುದಾಯ ಭವನದ ಗೋಡೆಗೆ ಕೂರಿಸಿದ ಹೆಸರಿನ ಕಲ್ಲನ್ನು ಹೇಗೆ ಓದಬೇಕು ಎಂದು ಯಾರೂ ಹೇಳಿಕೊಡಲಿಲ್ಲ. ಆ ಓದನ್ನು ನಾವು ಚುನಾವಣೆಯ ಭಾಷಣಕಾರರಿಗೆ ಬಿಟ್ಟುಕೊಟ್ಟಿದ್ದೇವೆ. ಒಬ್ಬ 'ಅಭಿವೃದ್ಧಿಯ ಹರಿಕಾರ' ಅಂತ ಹಾರ ಹಾಕುತ್ತಾನೆ. ಇನ್ನೊಬ್ಬ 'ಎಲ್ಲಾ ಕಳ್ರೇ ಬಿಡ್ಲಾ' ಅಂತ ಎಲೆ ಅಡಿಕೆ ಉಗಿಯುತ್ತಾನೆ. ಎರಡೂ ವಿಮರ್ಶೆಯಲ್ಲ. ಎರಡೂ ಯೋಚನೆ ಮಾಡುವ ಕಷ್ಟದಿಂದ ತಪ್ಪಿಸಿಕೊಳ್ಳುವ ದಾರಿಗಳು.

ಹಾಗಾಗಿ ಈ ಸಲ ಪುಸ್ತಕ ಬಿಟ್ಟು ಒಬ್ಬ ರಾಜಕಾರಣಿಯ ಕೆಲಸವನ್ನು ಓದಲು ಹೊರಟಿದ್ದೇನೆ. ಕೆಟ್ಟ ರಾಜಕಾರಣಿಯನ್ನು ಆರಿಸಿಕೊಂಡರೆ ಬಯ್ಯುವುದು ಸುಲಭ, ಚಪ್ಪಾಳೆಯೂ ಸಿಗುತ್ತದೆ. ಅದರಿಂದ ನಾವು ಕಲಿಯುವುದೇನೂ ಇಲ್ಲ. ನಮ್ಮ ಸೀಮೆಯಲ್ಲಿ ಹುಟ್ಟಿ, ನಮ್ಮ ಜನರಿಂದಲೇ ಒಳ್ಳೆಯವನು ಅನ್ನಿಸಿಕೊಂಡು ಹೋದ ಒಬ್ಬರನ್ನೇ ಆರಿಸಿಕೊಂಡಿದ್ದೇನೆ. ಗುಂಡ್ಲುಪೇಟೆಯ ಅಬ್ದುಲ್ ನಜೀರ್ ಸಾಬ್. 1983ರಲ್ಲಿ ಬಂದ ರಾಮಕೃಷ್ಣ ಹೆಗಡೆಯವರ ಸರ್ಕಾರದಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಸಚಿವರಾಗಿದ್ದವರು. 1988ರಲ್ಲಿ ತೀರಿಕೊಂಡರು. ಮೈಸೂರಿನ ಗ್ರಾಮೀಣಾಭಿವೃದ್ಧಿ ಸಂಸ್ಥೆಗೆ ಅವರ ಹೆಸರಿದೆ. ಆದರೆ ಹಳ್ಳಿಯ ಹೆಂಗಸರು ಅವರಿಗೆ ಇಟ್ಟ ಹೆಸರು ಬೇರೆ. ನಜೀರ್ ಸಾಬ್ ಎಂಬುದರಲ್ಲಿ ಒಂದು 'ಜ'ಕಾರ ಕಿತ್ತು ಹಾಕಿ 'ನೀರ್ ಸಾಬ್' ಎಂದರು. ಸರ್ಕಾರ ಕೊಡುವ ಪ್ರಶಸ್ತಿಗಳಿಗಿಂತ ಇದು ದೊಡ್ಡದು. ಪ್ರಶಸ್ತಿಗೆ ಅರ್ಜಿ ಹಾಕಬಹುದು, ಶಿಫಾರಸು ಮಾಡಿಸಬಹುದು. ಇಂಥ ಹೆಸರಿಗೆ ಅರ್ಜಿ ಹಾಕುವ ಕಚೇರಿ ಇಲ್ಲ.

ಈ ಹೆಸರಿಗೆ ಅಡ್ಡ ಬೀಳುವ ಉದ್ದೇಶ ನನ್ನದಲ್ಲ. ಇದನ್ನು ಅಲ್ಲಗಳೆಯುವ ಉದ್ದೇಶವೂ ಇಲ್ಲ. ನೀರ್ ಸಾಬರ ಬೋರು ನಮಗೆ ಏನು ಕೊಟ್ಟಿತು, ಊರಿಗೆ ಏನನ್ನು ಉಳಿಸಿಕೊಟ್ಟಿತು ಎಂಬ ಎರಡು ಪ್ರಶ್ನೆಗಳನ್ನು ಒಟ್ಟಿಗೆ ಇಟ್ಟು ನೋಡಬೇಕಾಗಿದೆ.

ಮೊದಲು ಕೊಟ್ಟದ್ದನ್ನು ಹೇಳುತ್ತೇನೆ. ಇದನ್ನು ನಾನು ಪುಸ್ತಕದಲ್ಲಿ ಓದಲಿಲ್ಲ, ನಮ್ಮಜ್ಜಿಯಿಂದ ಕೇಳಿದೆ. ಅವಳಿಗೆ ಅಕ್ಷರ ಬರುವುದಿಲ್ಲ, ಲೆಕ್ಕ ಬರುತ್ತದೆ.

"ಬಾವಿ ಕಟ್ಟೆ ಮ್ಯಾಕೆ ಕಾಲಿಡಂಗಿರ್ಲಿಲ್ಲ ಕಣ್ ಮಗ. ಕೆಳಗೆ ಕೊಡ ಇಟ್ಕಂಡು 'ಒಸಿ ನೀರ್ ಉಯ್ರವ್ವೋ' ಅಂತ ಕೂಗ್ಬೇಕಿತ್ತು. ಅವ್ರ ಮನೆ ಕೆಲ್ಸ ಮುಗಿದ್ ಮ್ಯಾಲೆ, ಮನಸ್ ಬಂದ್ರೆ ಎತ್ತರದಿಂದ ಉಯ್ಯೋರು. ಅರ್ಧ ಕೊಡುಕ್ಕೆ, ಅರ್ಧ ನೆಲುಕ್ಕೆ. ಹೊತ್ತುಟ್ಟೋ ಮುಂಚೆ ಹೋದ್ರೆ ಹೊತ್ತೇರಿದ್ ಮ್ಯಾಲೆ ಬತ್ತಿದ್ದೆ. ಕೂಲಿಗೆ ತಡ ಆಗದು. ಅಲ್ಲೂ ಬಯ್ಸ್ಕಬೇಕು."

ಆಮೇಲೆ ಒಂದು ದಿನ ಲಾರಿಯ ಮೇಲೆ ಕಬ್ಬಿಣದ ಮರ ನಿಲ್ಲಿಸಿಕೊಂಡು ಬಂದರಂತೆ. ಕೇರಿಯ ತುದಿಯಲ್ಲಿ ರಾತ್ರಿಯೆಲ್ಲಾ ಕೊರೆದರಂತೆ. ಮನೆಗಳ ಮೇಲೆ, ಮಡಕೆಗಳ ಮೇಲೆ, ಮಲಗಿದ ಮಕ್ಕಳ ಮೇಲೆ ಬೂದಿಯ ಹಾಗೆ ಕಲ್ಲಿನ ಪುಡಿ ಕೂತಿತಂತೆ. ಬೆಳಿಗ್ಗೆ ಕೆಸರು ನೀರು ಚಿಮ್ಮಿದಾಗ ಗಂಡಸರು ಹೆಂಗಸರು ಅನ್ನದೆ ಅದರಲ್ಲೇ ನೆಂದರಂತೆ. ನಮ್ಮಪ್ಪ ಆಗ ಮೊಳಕಾಲುದ್ದದ ಹುಡುಗ. ಪಂಪಿನ ಹಿಡಿಗೆ ಜೋತುಬಿದ್ದು, ತನ್ನ ಮೈ ಭಾರದಿಂದಲೇ ನೀರು ಎತ್ತುತ್ತಿದ್ದನಂತೆ.

ಆ ಕಾಲದ ಸರ್ಕಾರಿ ಲೆಕ್ಕ ಒಂದು ಕೈಪಂಪಿಗೆ 250 ಜನ, ದಿನಕ್ಕೆ ತಲೆಗೆ 40 ಲೀಟರ್ ಎಂದಿತ್ತು. ನಮ್ಮಜ್ಜಿಯ ಲೆಕ್ಕ ಲೀಟರಿನದಲ್ಲ. ಬೋರು ಬಂದ ಮೇಲೆ ಅವಳಿಗೆ ದಿನಕ್ಕೆ ಒಂದು ಹೊತ್ತು ಉಳಿಯಿತು, ಕೂಲಿ ತಪ್ಪಲಿಲ್ಲ, 'ಉಯ್ರವ್ವೋ' ಎಂದು ಕೂಗುವುದು ನಿಂತಿತು. ಬೇಡುವ ಒಂದು ಮಾತು ಅವಳ ಬಾಯಿಂದ ಹೊರಟುಹೋಯಿತು. ಇಂಥ ಕೆಲಸ ಮಾಡಿದ ರಾಜಕಾರಣಿಯನ್ನು ಅವಳು ಇವತ್ತಿಗೂ 'ಪುಣ್ಯಾತ್ಮ' ಎನ್ನುತ್ತಾಳೆ. ನಾನು ಎದುರಾಡುವುದಿಲ್ಲ. ಕಾದು ಕೂತವಳಿಗೆ ಮಾತ್ರ ಗೊತ್ತಿರುವ ಸತ್ಯ ಅದು.

ನಮ್ಮ ಸಾಹಿತ್ಯ ಈ ಸತ್ಯವನ್ನು ಸರಿಯಾಗಿ ಮುಟ್ಟಿಲ್ಲ ಎಂಬುದನ್ನು ಇಲ್ಲಿ ಹೇಳಲೇಬೇಕು. ನೀರಿನ ಹತ್ತಿರ ಅಸ್ಪೃಶ್ಯತೆ ಎಷ್ಟು ಕ್ರೂರವಾಗುತ್ತದೆ ಎಂಬುದನ್ನು ಕನ್ನಡ ಕಾದಂಬರಿ ಬಹಳ ಹಿಂದೆಯೇ ಕಂಡಿದೆ. 1933ರ 'ಚೋಮನ ದುಡಿ'ಯಲ್ಲಿ ಚೋಮನ ಮಗ ನೀರಿನಲ್ಲಿ ಮುಳುಗುವಾಗ, ಹೊಲೆಯರ ಹುಡುಗ ಎಂಬ ಕಾರಣಕ್ಕೆ ಯಾರೂ ಕೈ ಹಿಡಿದು ಎತ್ತುವುದಿಲ್ಲ. ಆಮೇಲೆ ಬಂದ ನಾವು, ಬಂಡಾಯದ ಕವಿಗಳು, ಬಾವಿಯನ್ನು ಬಿಡಲಿಲ್ಲ. ನಾನೂ ಬರೆದಿದ್ದೇನೆ. ಬಾವಿಗೆ ಕಟ್ಟೆ ಇದೆ, ಹಗ್ಗ ಇದೆ, ಮೇಲೆ ನಿಂತವನಿದ್ದಾನೆ, ಕೆಳಗೆ ನಿಂತವಳಿದ್ದಾಳೆ. ಕವಿತೆಗೆ ಬೇಕಾದ್ದೆಲ್ಲಾ ಅಲ್ಲೇ ಸಿಗುತ್ತದೆ. ಬೋರಿನಲ್ಲಿ ಅಂಥದ್ದೇನಿದೆ? ಕಬ್ಬಿಣದ ಕೊಳವೆ, ಕಿರ್ರೋ ಎನ್ನುವ ಹಿಡಿ. ನನ್ನ ಓದಿನ ಮಟ್ಟಿಗೆ ಹೇಳುವುದಾದರೆ, ಬೋರನ್ನು ಕುರಿತು ನಾವು ಬರೆದದ್ದು ಬಾವಿಯ ಕುರಿತು ಬರೆದದ್ದರ ಹತ್ತರಲ್ಲಿ ಒಂದು ಪಾಲೂ ಇಲ್ಲ. ಬೋರು ಬಂದ ಮೇಲೆ ನೀರಿನ ಜಾತಿ ಎಲ್ಲಿಗೆ ಹೋಯಿತು ಎಂದು ನಾವು ಹುಡುಕಲಿಲ್ಲ. ಅದು ಹೋಯಿತು ಎಂದುಕೊಂಡೆವು.

ಅದು ಹೋಗಿರಲಿಲ್ಲ. ನಮ್ಮೂರಿನಲ್ಲಿ ಒಂದು ಬೇಸಗೆ ಊರೊಳಗಿನ ಬೋರು ಕೆಟ್ಟಿತಂತೆ. ಊರಿನ ಹೆಂಗಸರು ನಮ್ಮ ಕೇರಿಯ ಬೋರಿಗೆ ಬಂದರು. ಬಂದವರು ಹುಣಸೆಹಣ್ಣು ತಂದಿದ್ದರು. ಮೊದಲು ಹಿಡಿಯನ್ನು ಉಜ್ಜಿ ತೊಳೆದು ಆಮೇಲೆ ನೀರು ಎತ್ತಿಕೊಂಡರು. ನೀರು ಭೂಮಿಯ ಒಳಗಿಂದ ಬಂದದ್ದು, ಅದಕ್ಕೆ ಮೈಲಿಗೆ ಇಲ್ಲ. ನಾವು ಹಿಡಿದ ಹಿಡಿಗೆ ಮಾತ್ರ ಮೈಲಿಗೆ. ನಮ್ಮಜ್ಜಿ ಇದನ್ನು ನಗುತ್ತಲೇ ಹೇಳುತ್ತಾಳೆ: "ಅಷ್ಟ್ ದಿನ ನಾವು ಅವ್ರ ಬಾವಿ ಕೆಳಗೆ ನಿಂತಿದ್ವಿ. ಅವತ್ತು ಅವ್ರು ನಮ್ ಬೋರ್ ಮುಂದೆ ನಿಂತಿದ್ರು. ಅಷ್ಟ್ ಸಾಕಾಯ್ತು ನಂಗೆ." ಅವಳಿಗೆ ಸಾಕಾಯಿತು. ನಮಗೆ ಸಾಕೇ?

ಈಗ ಎರಡನೆಯ ಪ್ರಶ್ನೆಗೆ ಬರುತ್ತೇನೆ. ಬೋರು ಬಂದಾಗ ಊರ ಬಾವಿಗೆ ಏನಾಯಿತು?

ಏನೂ ಆಗಲಿಲ್ಲ. ಅದೇ ವಿಷಯ. ಸರ್ಕಾರದ ಹಣದಿಂದ ನಡೆಯುವ ಬಾವಿ, ಕೆರೆ, ರಸ್ತೆಗಳು ಎಲ್ಲರಿಗೂ ಸೇರಿದ್ದು ಎಂದು ಸಂವಿಧಾನದ 15ನೇ ವಿಧಿ 1950ರಿಂದಲೇ ಹೇಳುತ್ತಿದೆ. 17ನೇ ವಿಧಿ ಅಸ್ಪೃಶ್ಯತೆಯನ್ನು ರದ್ದು ಮಾಡಿದೆ. 1955ರಲ್ಲಿ ಅದಕ್ಕೆ ಶಿಕ್ಷೆಯ ಕಾನೂನೂ ಬಂತು. ಅಂದರೆ ನೀರ್ ಸಾಬರ ಲಾರಿ ನಮ್ಮ ಕೇರಿಗೆ ಬರುವ ಹೊತ್ತಿಗೆ ಊರ ಬಾವಿ ನಮ್ಮದಾಗಿ ಮೂವತ್ತು ವರ್ಷ ದಾಟಿತ್ತು, ಕಾಗದದ ಮೇಲೆ. ಆ ಕಾಗದವನ್ನು ಬಾವಿಕಟ್ಟೆಯ ಮೇಲೆ ಹತ್ತಿಸುವ ಕೆಲಸ ಬಾಕಿ ಇತ್ತು. ಅದಕ್ಕೆ ಜಗಳ ಬೇಕಾಗಿತ್ತು, ಪೋಲೀಸು ಬೇಕಾಗಿತ್ತು, ಓಟು ಕಳೆದುಕೊಳ್ಳುವ ಧೈರ್ಯ ಬೇಕಾಗಿತ್ತು. ಅದರ ಬದಲು ಭೂಮಿಯಲ್ಲಿ ಇನ್ನೊಂದು ತೂತು ಕೊರೆಯುವುದು ಸುಲಭವಾಯಿತು. ಕೇರಿಗೆ ನೀರೂ ಸಿಕ್ಕಿತು, ಊರಿಗೆ ಬಾವಿಯೂ ಉಳಿಯಿತು. ಯಾರಿಗೂ ನೋವಾಗಲಿಲ್ಲ. ಯಾರಿಗೂ ನೋವಾಗದ ಹಾಗೆ ಜಾತಿಯ ಸಮಸ್ಯೆ ಬಗೆಹರಿದರೆ ಅದು ಬಗೆಹರಿದಿಲ್ಲ ಎಂದೇ ಅರ್ಥ.

ಇದು ನೀರ್ ಸಾಬರೊಬ್ಬರ ತಪ್ಪು ಎಂದು ನಾನು ಹೇಳುತ್ತಿಲ್ಲ. ಬರಗಾಲದಲ್ಲಿ ಒಣಗಿದ ಗಂಟಲಿನ ಮುಂದೆ 'ಮೊದಲು ಬಾವಿಯ ಹಕ್ಕು ಗೆಲ್ಲೋಣ, ಆಮೇಲೆ ನೀರು' ಎಂದು ಹೇಳುವವನು ಮನುಷ್ಯನಲ್ಲ. ತಪ್ಪು, ಬಾವಿ ಬಿಟ್ಟುಕೊಡದವರದು. ಬೋರು ಬಂದ ಸಂತೋಷದಲ್ಲಿ ಬಾವಿಯನ್ನು ಮರೆತ ನಮ್ಮದೂ ಒಂದು ಪಾಲಿದೆ. ಕುಡಿಯುವ ನೀರೂ ಸಮಾನತೆಯ ನೀರೂ ಒಂದೇ ಅಲ್ಲ ಎಂಬುದನ್ನು ನಮಗೆ ಬಾಬಾಸಾಹೇಬರು ಮಹಾಡಿನಲ್ಲಿಯೇ ತೋರಿಸಿಕೊಟ್ಟಿದ್ದರು.

ಮಹಾಡಿನ ಕತೆಯನ್ನು ನಾವು ಭಾಷಣಗಳಲ್ಲಿ ಅರ್ಧ ಮಾತ್ರ ಹೇಳುತ್ತೇವೆ. ಪೂರ್ತಿ ಹೇಳಿದರೆ ಅದು ಸ್ಥಳೀಯ ರಾಜಕಾರಣದ ಕತೆ. 1923ರಲ್ಲಿ ಮುಂಬೈ ಶಾಸನ ಸಭೆಯಲ್ಲಿ ಎಸ್.ಕೆ. ಬೋಲೆಯವರು ಸಾರ್ವಜನಿಕ ಕೆರೆ ಬಾವಿಗಳನ್ನು ಅಸ್ಪೃಶ್ಯರಿಗೂ ತೆರೆಯಬೇಕೆಂಬ ಗೊತ್ತುವಳಿ ತಂದರು. ಅದು ಪಾಸಾಯಿತು. 1924ರಲ್ಲಿ ಮಹಾಡಿನ ಪುರಸಭೆ ಅದನ್ನು ಒಪ್ಪಿ ಚೌದಾರ್ ಕೆರೆಯನ್ನು ಎಲ್ಲರಿಗೂ ತೆರೆದಿದ್ದೇವೆ ಎಂದು ಗೊತ್ತುವಳಿ ಮಾಡಿತು. ಕೆಲಸ ಆಯಿತು, ಕಾಗದದಲ್ಲಿ. ಮೂರು ವರ್ಷ ಯಾರೂ ನೀರು ಮುಟ್ಟಲಿಲ್ಲ. 1927ರ ಮಾರ್ಚ್ 20ರಂದು ಅಂಬೇಡ್ಕರ್ ಅವರು ಸಾವಿರಾರು ಜನರೊಂದಿಗೆ ನಡೆದು ಹೋಗಿ ಆ ಕೆರೆಯ ನೀರನ್ನು ಬೊಗಸೆಯಲ್ಲಿ ಎತ್ತಿ ಕುಡಿದರು. ಅವತ್ತೇ ನಮ್ಮ ಜನರ ಮೇಲೆ ದೊಣ್ಣೆಗಳು ಬಿದ್ದವು. ಆಮೇಲೆ ಸಗಣಿ, ಗಂಜಲ, ಹಾಲು, ಮೊಸರು ಬೆರೆಸಿ ಕೆರೆಗೆ ಸುರಿದು ಶುದ್ಧಿ ಮಾಡಿದರು. ಅದೇ ವರ್ಷ ಆಗಸ್ಟಿನಲ್ಲಿ ಪುರಸಭೆ ತನ್ನ ಗೊತ್ತುವಳಿಯನ್ನೇ ವಾಪಸು ತೆಗೆದುಕೊಂಡಿತು. ಕೋರ್ಟಿನಲ್ಲಿ ಹಕ್ಕು ಸ್ಥಿರವಾಗಲು 1937ರ ಮಾರ್ಚ್ ತಿಂಗಳವರೆಗೆ ಕಾಯಬೇಕಾಯಿತು.

ಇದರಲ್ಲಿ ನಮಗೆ ಎರಡು ಪಾಠಗಳಿವೆ. ಮಹಾಡಿಗೆ ಹೋದವರು ಬರೀ ಬಾಯಾರಿ ಹೋದವರಲ್ಲ. ಅವರಿಗೆ ಬೇರೆ ಒಂದು ಕೆರೆ ತೋಡಿಕೊಡುತ್ತೇವೆ ಎಂದಿದ್ದರೆ ಚಳವಳಿ ನಿಲ್ಲುತ್ತಿರಲಿಲ್ಲ. ಇದು ಮೊದಲ ಪಾಠ. ಎರಡನೆಯದು, ಕೆರೆಯನ್ನು ತೆರೆದದ್ದೂ ಮುಚ್ಚಿದ್ದೂ ಒಂದೇ ಪುರಸಭೆ. ಆ ಸಭೆಯಲ್ಲಿ ಕೈ ಎತ್ತುವ ಬಲ ನಮ್ಮವರಿಗೆ ಇರಲಿಲ್ಲ. ಯಾರೋ ಕೈ ಎತ್ತಿ ಕೊಟ್ಟರು, ಯಾರೋ ಕೈ ಎತ್ತಿ ಕಿತ್ತುಕೊಂಡರು. ಕುರ್ಚಿ ಯಾರದೋ ನೀರೂ ಅವರದೇ.

ಮಹಾಡು ದೂರ, 1927 ಹಳೆಯ ಕಾಲ ಎನ್ನುವವರು ನೀರ್ ಸಾಬರ ಸ್ವಂತ ಸೀಮೆಗೇ ಬರಲಿ. ಚಾಮರಾಜನಗರ ತಾಲ್ಲೂಕಿನ ಹೆಗ್ಗೊಠಾರ. 2022ರ ನವೆಂಬರ್. ಮದುವೆಗೆಂದು ನೆಂಟರೂರಿಗೆ ಬಂದ ದಲಿತ ಹೆಣ್ಣುಮಗಳೊಬ್ಬಳು ಮೇಲ್ಜಾತಿಯವರ ಬೀದಿಯ ತೊಂಬೆಯಲ್ಲಿ ನೀರು ಕುಡಿದಳು. ಅದು ಸರ್ಕಾರ ಕಟ್ಟಿದ ತೊಂಬೆ. ತೊಂಬೆಯ ನೀರನ್ನೆಲ್ಲಾ ಖಾಲಿ ಮಾಡಿ, ಗಂಜಲ ಹಾಕಿ ತೊಳೆದರು. ಸುದ್ದಿಯಾಯಿತು, ಕೇಸಾಯಿತು. ತಹಶೀಲ್ದಾರರು ಬಂದು ದಲಿತ ಯುವಕರನ್ನು ಕರೆದುಕೊಂಡು ಹೋಗಿ ಊರಿನ ತೊಂಬೆಗಳಲ್ಲಿ ನೀರು ಕುಡಿಸಿದರು. ಮಹಾಡಿನಿಂದ ಹೆಗ್ಗೊಠಾರಕ್ಕೆ 95 ವರ್ಷ. ಕೆರೆ ಹೋಗಿ ಸಿಂಟೆಕ್ಸ್ ತೊಂಬೆ ಬಂದಿದೆ. ಗಂಜಲ ಹಾಗೇ ಇದೆ.

ನಮ್ಮಜ್ಜಿಯಂಥವರು ಕೇಳುತ್ತಾರೆ: ನಿಮ್ಮ ಬೀದಿಯಲ್ಲಿ ನಿಮ್ಮ ತೊಂಬೆ ಇಲ್ಲವೇ, ಆ ಬೀದಿಯದೇ ಯಾಕೆ ಬೇಕು? ಉತ್ತರ ಹೆಗ್ಗೊಠಾರದಲ್ಲೇ ಇದೆ. ಬೀದಿಗೊಂದು ತೊಂಬೆ ಎಂಬುದು ನೋಡಲು ಧಾರಾಳವಾದ ಕೆಲಸ. ಆದರೆ ನಮ್ಮ ಊರುಗಳಲ್ಲಿ ಬೀದಿ ಎಂದರೆ ಜಾತಿ. ಹಾಗಾಗಿ ಬೀದಿಗೊಂದು ತೊಂಬೆ ಅಂದರೆ ಜಾತಿಗೊಂದು ತೊಂಬೆ. ಜಾತಿಗೊಂದು ಸಮುದಾಯ ಭವನ, ಜಾತಿಗೊಂದು ಸ್ಮಶಾನ, ಜಾತಿಗೊಂದು ಬಸ್ ನಿಲ್ದಾಣದ ಕಟ್ಟೆ. ಹಿಂದೆ ಶಾಸ್ತ್ರ ಹಾಕಿದ ಗೆರೆಯ ಮೇಲೆ ಈಗ ಸಿಮೆಂಟು ಬೀಳುತ್ತಿದೆ. ಅದಕ್ಕೆ 'ಮೂಲಸೌಕರ್ಯ' ಎಂಬ ಹೆಸರಿದೆ. ಬೇರೆ ಬೇರೆ ಕೊಟ್ಟಷ್ಟೂ ಬೇರೆಯಾಗಿರುವುದೇ ಸಹಜ ಅನ್ನಿಸುತ್ತದೆ. ಕೊನೆಗೆ ಬಾಯಾರಿದ ಒಬ್ಬ ನೆಂಟರ ಹೆಣ್ಣುಮಗಳು ಹತ್ತಿರದ ನಲ್ಲಿಗೆ ಬಾಯಿಟ್ಟರೆ ಅದು ಅಪರಾಧವಾಗುತ್ತದೆ.

ಇಷ್ಟಕ್ಕೇ ನಿಲ್ಲಿಸಿದರೆ ನೀರ್ ಸಾಬರಿಗೆ ಅನ್ಯಾಯ ಮಾಡಿದಂತೆ. ಅವರು ಬೋರು ಕೊರೆಸಿದ್ದಷ್ಟೇ ಅಲ್ಲ. ಜನ ನೆನಪಿಟ್ಟಿರುವುದು ಬೋರನ್ನು. ಅದಕ್ಕಿಂತ ದೊಡ್ಡ ಕೆಲಸವನ್ನು ಜನ ಮರೆತಿದ್ದಾರೆ, ಅಥವಾ ಮರೆಸಲಾಗಿದೆ.

1983ರಲ್ಲಿ ಅವರು ತಂದ ಜಿಲ್ಲಾ ಪರಿಷತ್, ತಾಲ್ಲೂಕು ಪಂಚಾಯತಿ ಸಮಿತಿ, ಮಂಡಲ ಪಂಚಾಯತಿ ಮತ್ತು ನ್ಯಾಯ ಪಂಚಾಯತಿ ಕಾಯಿದೆಯ ಮಾತು ಇದು. ರಾಷ್ಟ್ರಪತಿಗಳ ಅಂಕಿತಕ್ಕೆ 1985ರವರೆಗೆ ಕಾದು, 1987ರ ಜನವರಿಯಲ್ಲಿ ಚುನಾವಣೆ ನಡೆಯಿತು. ಜಿಲ್ಲಾ ಪರಿಷತ್ತಿನ ಅಧ್ಯಕ್ಷನಿಗೆ ರಾಜ್ಯ ಸಚಿವನ ದರ್ಜೆ ಕೊಟ್ಟರು. ಜಿಲ್ಲೆಯಲ್ಲಿ ಕಲೆಕ್ಟರನೇ ದೊರೆ ಎಂಬ ಬ್ರಿಟಿಷರ ಕಾಲದ ನಂಬಿಕೆಗೆ ಅದು ಪೆಟ್ಟು. ಹೆಂಗಸರಿಗೆ ಶೇಕಡಾ 25ರಷ್ಟು, ಪರಿಶಿಷ್ಟ ಜಾತಿ ಪಂಗಡಗಳಿಗೆ ಕನಿಷ್ಠ ಶೇಕಡಾ 18ರಷ್ಟು ಸ್ಥಾನ ಮೀಸಲಿಟ್ಟರು. ದೇಶದ ಸಂವಿಧಾನಕ್ಕೆ 73ನೇ ತಿದ್ದುಪಡಿ ಬರುವುದಕ್ಕೆ ಇನ್ನೂ ವರ್ಷಗಳಿದ್ದವು.

ಇದನ್ನು ಬೋರಿನ ಪಕ್ಕದಲ್ಲಿಟ್ಟು ಓದಿ. ಬೋರು ಎಂದರೆ ಬೆಂಗಳೂರಿನಿಂದ ಹಳ್ಳಿಗೆ ಇಳಿದು ಬಂದ ಉಪಕಾರ. ಒಬ್ಬ ಒಳ್ಳೆಯ ಮಂತ್ರಿ ಇದ್ದಾಗ ಬರುತ್ತದೆ, ಅವನು ಸತ್ತರೆ ನಿಲ್ಲುತ್ತದೆ. ಪಂಚಾಯತಿ ಎಂದರೆ ಮುಂದಿನ ಬೋರು ಎಲ್ಲಿ ಕೊರೆಯಬೇಕು ಎಂದು ಹೇಳುವ ಕುರ್ಚಿ. ಆ ಕುರ್ಚಿಯಲ್ಲಿ ನಮ್ಮ ಕೇರಿಯವನೂ ಕೂರಬಹುದು, ಕೂತು ಊರ ಬಾವಿಯ ಮಾತನ್ನೂ ಎತ್ತಬಹುದು. ತಾನು ಕೊಡುವವನಾಗಿ ಉಳಿಯುವ ಅಧಿಕಾರವನ್ನೇ ಕೆಳಗೆ ಇಳಿಸಿದ ಮಂತ್ರಿ ಅವರು. ಇದೇ ಅವರ ನಿಜವಾದ ಕೆಲಸ ಎಂಬುದು ನನ್ನ ವಾದ. ಕೊಡ ತುಂಬಿಸಿದ್ದು ಕರುಣೆ. ಕುರ್ಚಿ ಹಂಚಿದ್ದು ರಾಜಕಾರಣ. ಕರುಣೆಯನ್ನು ಎಲ್ಲರೂ ಹೊಗಳಿದರು. ರಾಜಕಾರಣವನ್ನು ಸದ್ದಿಲ್ಲದೆ ಕತ್ತು ಹಿಸುಕಿದರು.

ಹೇಗೆ ಹಿಸುಕಿದರು ನೋಡಿ. 1987ರಲ್ಲಿ ಆರಿಸಿ ಬಂದವರ ಐದು ವರ್ಷ 1992ರಲ್ಲಿ ಮುಗಿಯಿತು. ಹೊಸ ಚುನಾವಣೆ ಬರಲಿಲ್ಲ, ಆಡಳಿತಾಧಿಕಾರಿಗಳು ಬಂದು ಕೂತರು. 1993ರ ಏಪ್ರಿಲ್ 24ರಂದು 73ನೇ ತಿದ್ದುಪಡಿ ಜಾರಿಗೆ ಬಂತು. ಕುಡಿಯುವ ನೀರು, ರಸ್ತೆ, ನೈರ್ಮಲ್ಯ ಸೇರಿ 29 ವಿಷಯಗಳನ್ನು ಪಂಚಾಯತಿಗಳಿಗೆ ಬಿಡಬಹುದೆಂದು ಸಂವಿಧಾನದ 11ನೇ ಅನುಸೂಚಿ ಪಟ್ಟಿ ಕೊಟ್ಟಿತು. ಸದಸ್ಯರ ಸ್ಥಾನದಲ್ಲಿ ಮಾತ್ರವಲ್ಲ, ಅಧ್ಯಕ್ಷರ ಕುರ್ಚಿಯಲ್ಲೂ ಮೀಸಲಾತಿ ಬಂತು. ಅದೇ ವರ್ಷ ಡಿಸೆಂಬರ್ 23ರಂದು ಸಂಸದರಿಗೆ ತಮ್ಮ ಕ್ಷೇತ್ರದಲ್ಲಿ ಕೆಲಸ ಸೂಚಿಸಲು ಪ್ರತ್ಯೇಕ ನಿಧಿ ಶುರುವಾಯಿತು. ಮೊದಲ ವರ್ಷ ತಲಾ 5 ಲಕ್ಷ ಇದ್ದದ್ದು 2011ರ ಹೊತ್ತಿಗೆ ವರ್ಷಕ್ಕೆ 5 ಕೋಟಿಯಾಯಿತು. ಕರ್ನಾಟಕದ ಶಾಸಕರಿಗೆ ವರ್ಷಕ್ಕೆ 2 ಕೋಟಿಯ ನಿಧಿ. ಒಂದೇ ವರ್ಷದಲ್ಲಿ ಒಂದು ಕೈ ಪಂಚಾಯತಿಗೆ ಅಧಿಕಾರ ಬರೆದುಕೊಟ್ಟಿತು, ಇನ್ನೊಂದು ಕೈ ಕಾನೂನು ಮಾಡಲು ಆರಿಸಿ ಹೋದವನ ಜೇಬಿಗೆ ಚರಂಡಿಯ ದುಡ್ಡು ಹಾಕಿತು. ಚರಂಡಿಗಾಗಿ ಪಂಚಾಯತಿಯ ಮುಂದೆ ಹಕ್ಕಿನಿಂದ ನಿಲ್ಲಬೇಕಾದವನು ಮತ್ತೆ ಸಾಹೇಬರ ಮನೆಯ ಜಗಲಿಯಲ್ಲಿ ಅರ್ಜಿ ಹಿಡಿದು ನಿಂತ. ನಮ್ಮಜ್ಜಿ ಬಾವಿಯ ಕೆಳಗೆ ನಿಂತ ಹಾಗೆ. ಕೂಗು ಮಾತ್ರ ಬದಲಾಗಿದೆ: 'ಒಸಿ ಮಂಜೂರು ಮಾಡಿಸ್ಕೊಡಿ ಸಾ'.

ಕರ್ನಾಟಕದಲ್ಲಿ ಜಿಲ್ಲಾ, ತಾಲ್ಲೂಕು ಪಂಚಾಯತಿಗಳಿಗೆ 2016ರಲ್ಲಿ ಚುನಾವಣೆ ನಡೆಯಿತು. 2021ರಲ್ಲಿ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ನೀರ್ ಸಾಬರ ಹೆಸರು ಹೇಳಿ ಹಾರ ಹಾಕುವ ಎಲ್ಲಾ ಪಕ್ಷದವರಿಗೂ ಇದು ಅಂಥ ನೋವೇನೂ ಆದಂತೆ ಕಾಣಲಿಲ್ಲ. ಅವರಿಗೆ ಬೇಕಾದದ್ದು ಸಾಬರ ಬೋರು, ಸಾಬರ ಕುರ್ಚಿಯಲ್ಲ.

ಕುರ್ಚಿಯ ಬೆಲೆ ಏನೆಂದು ತಿಳಿಯಲು ನಮ್ಮವರೇ ಆದ ಬಿ. ಬಸವಲಿಂಗಪ್ಪನವರನ್ನು ನೆನೆಯಬೇಕು. ದೇವರಾಜ ಅರಸು ಸಂಪುಟದಲ್ಲಿ ಪೌರಾಡಳಿತ ಸಚಿವರಾಗಿದ್ದಾಗ ಅವರು ತಲೆಯ ಮೇಲೆ ಮಲ ಹೊರುವುದನ್ನು ನಿಲ್ಲಿಸಲು ಆಜ್ಞೆ ಮಾಡಿದರು. ಅದಕ್ಕೆ ಉದ್ಘಾಟನೆಯ ಕಲ್ಲು ಇಲ್ಲ. ಒಂದು ಬುಟ್ಟಿಯನ್ನು ಒಂದು ತಲೆಯಿಂದ ಇಳಿಸಿದ್ದಕ್ಕೆ ಯಾವ ಗೋಡೆಯಲ್ಲಿ ಕಲ್ಲು ಕೂರಿಸುತ್ತಾರೆ? 1973ರ ಬೂಸಾ ಗಲಾಟೆಯಲ್ಲಿ ಅವರ ಕುರ್ಚಿ ಹೋಯಿತು. ಮೇಲಿನ ಆಜ್ಞೆ ಕೆಳಗಿನ ಪುರಸಭೆಗೆ ಎಷ್ಟು ಮುಟ್ಟಿತು ಎಂಬುದಕ್ಕೆ 2010ರ ಜುಲೈ ತಿಂಗಳ ಸವಣೂರು ಸಾಕ್ಷಿ. ತಾವು ಬಾಳಿದ ಜಾಗದಿಂದ ಒಕ್ಕಲೆಬ್ಬಿಸಿ ಅಲ್ಲಿ ವಾಣಿಜ್ಯ ಮಳಿಗೆ ಕಟ್ಟಲು ಹೊರಟದ್ದನ್ನು ವಿರೋಧಿಸಿ ಭಂಗಿ ಸಮುದಾಯದವರು ಪುರಸಭೆಯ ಮುಂದೆ ಮೈಮೇಲೆ ಮಲ ಸುರಿದುಕೊಂಡರು. ಮಳಿಗೆಯೂ ಅಭಿವೃದ್ಧಿಯೇ. ಪುರಸಭೆಯ ಕಡತದಲ್ಲಿ ಅದೂ ಒಂದು 'ಕಾಮಗಾರಿ'.

ಈಗ ನಮ್ಮ ಕೇರಿಗೆ ವಾಪಸು ಬರೋಣ. ನೀರ್ ಸಾಬರ ಕಾಲದ ಬೋರು ಬತ್ತಿದೆ. ಊರಿನ ತೋಟಗಳ ಬೋರುಗಳು ಸಾವಿರ ಅಡಿ ಹುಡುಕಿಕೊಂಡು ಹೋದ ಮೇಲೆ ಕೈಪಂಪಿಗೆ ನೀರು ಎಲ್ಲಿಂದ ಬರಬೇಕು? ತುಕ್ಕು ಹಿಡಿದ ಕಂಬಕ್ಕೆ ಈಗ ಎಮ್ಮೆ ಕಟ್ಟುತ್ತಾರೆ. 2019ರಲ್ಲಿ ಘೋಷಣೆಯಾದ ಜಲ ಜೀವನ್ ಯೋಜನೆಯಲ್ಲಿ ಮನೆ ಮನೆಗೂ ನಲ್ಲಿ ಬಂತು. ತಲೆಗೆ 55 ಲೀಟರ್ ಎಂದು ಲೆಕ್ಕ. 2024ಕ್ಕೆ ಮುಗಿಯಬೇಕಾದ ಯೋಜನೆ 2028ಕ್ಕೆ ಹೋಗಿದೆ. ನಮ್ಮ ಕೇರಿಯ ಬಾಯಲ್ಲಿ ಒಬ್ಬ ಮುಖಂಡರ ಹೆಸರಿನ ಕಲ್ಲು ನಿಂತಿದೆ. ಅವರ 'ವಿಶೇಷ ಪ್ರಯತ್ನದಿಂದ' ನೀರು ಬಂದಿತು ಎಂದು ಅದರಲ್ಲಿದೆ. ನೀರು ಬರುವುದು ಮಾತ್ರ ನೀರುಗಂಟಿಯ ಪ್ರಯತ್ನದಿಂದ. ಅವನು ಗೇಟ್‌ವಾಲ್ ತಿರುಗಿಸಬೇಕು. ಮೊದಲು ಊರಿಗೆ, ಅಲ್ಲಿಯ ತೊಟ್ಟಿಗಳೆಲ್ಲಾ ತುಂಬಿದ ಮೇಲೆ ಕೇರಿಗೆ. ಕರೆಂಟು ಇದ್ದರೆ. ನೀರುಗಂಟಿ ಕೆಟ್ಟವನೇನಲ್ಲ, ಬಡವ. ಅವನ ಸಂಬಳ ಮಾಡಿಸುವವರು ಯಾರ ಬೀದಿಯಲ್ಲಿದ್ದಾರೋ ಆ ಬೀದಿಗೆ ಮೊದಲು ತಿರುಗಿಸುತ್ತಾನೆ. ಬಾವಿಕಟ್ಟೆ ಈಗ ನೆಲದೊಳಗೆ ಹೋಗಿದೆ, ಅಷ್ಟೆ. ಮೇಲಿಂದ ಹುಯ್ಯುವವರು ಈಗ ಕಾಣುವುದಿಲ್ಲ.

ಆ ಕಲ್ಲಿನ ಭಾಷೆಯನ್ನೂ ಒಮ್ಮೆ ನೋಡಿ. 'ಒದಗಿಸಿಕೊಟ್ಟರು', 'ಕೊಡುಗೆ', 'ಫಲಾನುಭವಿಗಳು'. ಕೊಟ್ಟವನು ಒಬ್ಬ, ತಿಂದವರು ನಾವು ಎಂಬ ಹಾಗೆ. ಯಾರ ದುಡ್ಡು ಅದು? ಕರ್ನಾಟಕದ ಪರಿಶಿಷ್ಟ ಜಾತಿ ಉಪಯೋಜನೆ ಮತ್ತು ಬುಡಕಟ್ಟು ಉಪಯೋಜನೆಯ ಕಾಯಿದೆ 2013ರಲ್ಲಿ ಬಂತು. 2011ರ ಜನಗಣತಿಯಲ್ಲಿ ನಮ್ಮ ಪಾಲು ಶೇಕಡಾ 17.15, ಪರಿಶಿಷ್ಟ ಪಂಗಡದ್ದು 6.95. ಆ ಪ್ರಮಾಣದಲ್ಲಿ ಹಣ ತೆಗೆದಿಡಬೇಕೆಂದು ಕಾನೂನೇ ಹೇಳುತ್ತದೆ. ಅದೇ ಕಾನೂನಿನ 7(ಡಿ) ಎಂಬ ಒಂದು ಕಂಡಿಯಿಂದ, ಎಲ್ಲರಿಗೂ ಮಾಡುವ ದೊಡ್ಡ ಕೆಲಸದಲ್ಲಿ ಇವರದೂ ಒಂದು ಪಾಲು ಇದೆ ಎಂದು ಲೆಕ್ಕ ತೋರಿಸಿ ದುಡ್ಡು ಹರಿಸಿದರು. ದಲಿತ ಸಂಘಟನೆಗಳು ವರ್ಷಗಟ್ಟಲೆ ಕೂಗಿದ ಮೇಲೆ 2023ರಲ್ಲಿ ಆ ಕಂಡಿ ಮುಚ್ಚಿತು. ನಮ್ಮ ಹಣ, ನಮ್ಮ ಕಾನೂನು, ನಮ್ಮ ಹೋರಾಟ. ಕಲ್ಲಿನ ಮೇಲೆ ಮಾತ್ರ ಅವರ ಹೆಸರು.

ಹಾಗಾದರೆ ಒಬ್ಬ ರಾಜಕಾರಣಿಯ ಕೆಲಸವನ್ನು ಅಳೆಯುವುದು ಹೇಗೆ? ಎಷ್ಟು ಕೋಟಿ, ಎಷ್ಟು ಕಿಲೋಮೀಟರ್, ಎಷ್ಟು ಭವನ ಎಂಬ ಲೆಕ್ಕ ಅವರೇ ಕರಪತ್ರದಲ್ಲಿ ಕೊಡುತ್ತಾರೆ. ನಮ್ಮದು ಬೇರೆ ಮೂರು ಪ್ರಶ್ನೆಗಳಾಗಲಿ. ಕೊಡ ತುಂಬಿತೇ? ಬೇಡುವ ಮಾತು ನಿಂತಿತೇ? ನಾಳೆಯ ಕೆಲಸವನ್ನು ತೀರ್ಮಾನಿಸುವ ಕುರ್ಚಿ ಯಾರ ಕೈಗೆ ಬಂತು? ಮೊದಲನೆಯದರಲ್ಲಿ ನೀರ್ ಸಾಬ್ ಗೆದ್ದರು. ಎರಡನೆಯದರಲ್ಲಿ ಅರ್ಧ ಗೆದ್ದರು: ನಮ್ಮಜ್ಜಿಯ ಕೂಗು ನಿಂತಿತು, ಬಾವಿ ಮಾತ್ರ ಬಾಯಿ ಬಿಡಲಿಲ್ಲ. ಮೂರನೆಯದಕ್ಕೆ ಅವರು ದಾರಿ ತೆಗೆದರು, ಬೇರೆಯವರು ಮುಚ್ಚಿದರು. ಈ ಮೂರು ಪ್ರಶ್ನೆಗಳನ್ನು ನಿಮ್ಮೂರಿನ ಈಗಿನ ಮುಖಂಡರಿಗೆ ಹಾಕಿ ನೋಡಿ. ಬಹಳ ಜನ ಮೊದಲನೆಯದರಲ್ಲೇ ಒಣಗಿ ನಿಲ್ಲುತ್ತಾರೆ.

ಬರೀ ಪ್ರಶ್ನೆ ಕೇಳಿ ಮುಗಿಸುವುದು ಕವಿಗಳ ಚಾಳಿ. ಅದಕ್ಕೆ ಕೆಲಸದ ಮಾತು ಹೇಳುತ್ತೇನೆ. ಹಳ್ಳಿಯ ಶಾಲೆಗಳಲ್ಲಿರುವ ಮೇಷ್ಟ್ರು ಗೆಳೆಯರು ಮಕ್ಕಳ ಕೈಯಲ್ಲಿ ಊರಿನ ನಕ್ಷೆ ಬರೆಸಲಿ. ಬಾವಿ, ಬೋರು, ತೊಂಬೆ, ನಲ್ಲಿ ಎಲ್ಲೆಲ್ಲಿವೆ, ಯಾವುದರಲ್ಲಿ ಯಾರು ನೀರು ಹಿಡಿಯುತ್ತಾರೆ, ಎಷ್ಟು ಹೊತ್ತಿಗೆ ನೀರು ಬರುತ್ತದೆ ಎಂದು ಮಕ್ಕಳೇ ಗುರುತು ಹಾಕಲಿ. ಮಕ್ಕಳು ಸುಳ್ಳು ಬರೆಯುವುದಿಲ್ಲ. ವಿದ್ಯಾರ್ಥಿಗಳು ಪಂಚಾಯತಿಯ ಕ್ರಿಯಾಯೋಜನೆಯ ಪ್ರತಿಯನ್ನು ಮಾಹಿತಿ ಹಕ್ಕಿನಲ್ಲಿ ಕೇಳಿ ಪಡೆದು, ಗ್ರಾಮಸಭೆಯ ದಿನ ಕೇರಿಯ ಹೆಂಗಸರ ಮುಂದೆ ಗಟ್ಟಿಯಾಗಿ ಓದಲಿ. ಪಂಚಾಯತಿಗೆ ಆರಿಸಿ ಹೋದ ನಮ್ಮ ಸದಸ್ಯರು ಸಹಿ ಹಾಕುವ ಮುಂಚೆ ಓದಿ ಹಾಕಲಿ. ಬರುವುದಿಲ್ಲವಾದರೆ ನಾವು ಓದಿ ಹೇಳೋಣ, ಓದು ಕಲಿತದ್ದು ಯಾಕೆ ಮತ್ತೆ? ಕವಿಗಳು ಸ್ವಲ್ಪ ದಿನ ಬಾವಿ ಬಿಟ್ಟು ನೀರುಗಂಟಿಯ ಕೀಲಿಕೈಯ ಹಿಂದೆ ಹೋಗಲಿ.

ಹೋದ ತಿಂಗಳು ಊರಿಗೆ ಹೋಗಿದ್ದಾಗ ಈ ಲೇಖನವನ್ನು ನಮ್ಮಜ್ಜಿಗೆ ಓದಿ ಹೇಳಿದೆ. ನೀರ್ ಸಾಬರ ಬಗ್ಗೆ ಅರ್ಧ ಗೆದ್ದರು ಎಂದು ಬರೆದದ್ದಕ್ಕೆ ಸಿಟ್ಟಾದಳು. "ನಿಂಗೇನ್ ಗೊತ್ಲಾ, ನೀನ್ ಕಾದಿದ್ಯಾ?" ಅಂದಳು. ಸ್ವಲ್ಪ ಹೊತ್ತು ಸುಮ್ಮನಿದ್ದು ಆಮೇಲೆ ಕೇಳಿದಳು: "ಆ ಬಾವೀಲಿ ಈಗ ನೀರದೇನ್ಲಾ?" ನೋಡಿಕೊಂಡು ಬರಲು ಹೋದೆ. ಬಾವಿಗೆ ಕಬ್ಬಿಣದ ಜಾಲರಿ ಹಾಕಿದ್ದಾರೆ. ಒಳಗೆ ಕಸ, ಒಡೆದ ದೇವರ ಪಟಗಳು. ಊರಿಗೂ ಅದು ಬೇಡವಾಗಿದೆ. ನಾನು ಕಟ್ಟೆಯ ಮೇಲೆ ಹತ್ತಿ ನಿಂತೆ. ಎದುರು ಜಗಲಿಯ ಮುದುಕನೊಬ್ಬ ಎದ್ದು ನಿಂತು, "ಯಾರ್ಲಾ ಅದು ಬಾವಿಕಟ್ಟೆ ಮ್ಯಾಲೆ?" ಎಂದು ಕೂಗಿದ.

ಬತ್ತಿದ ಬಾವಿಗೂ ಅವರಲ್ಲಿ ಕಾವಲಿದೆ. ನಿಮ್ಮೂರಿನ ಬೋರು, ಬಾವಿ, ನಲ್ಲಿಗಳ ಕತೆಯನ್ನು ಬರೆದು ಪತ್ರಿಕೆಗೆ ಕಳಿಸಿ. ಚರ್ಚೆ ಬೆಳೆಯಲಿ.